ಕಡೆಗಣ್ಣಿಗೆ ಹತ್ತು ವಾರದ ಟ್ಯೂಷನ್

ನನ್ನ ಕ್ಲಾಸಿನಲ್ಲಿ ಹಿಂದಿನ ಬೆಂಚಿನ ಹುಡುಗರು ತುಂಬಾ ಶಿಸ್ತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಇದೇ ಆಶ್ಚರ್ಯ. ಬೇರೆಯವರ ಪೀರಿಯಡ್ಡಿನಲ್ಲಿ ಕಾಗದದ ಉಂಡೆ ಹಾರಿಸುವವರು ನನ್ನ ಪೀರಿಯಡ್ಡಿನಲ್ಲಿ ಕೈಕಟ್ಟಿ ಕೂರುತ್ತಾರೆ. ನಾನೇನು ಗದರುವವಳಲ್ಲ. ಕಾರಣ ಇಷ್ಟೇ. ಮುಂದಿನ ಬೆಂಚಿನ ಹುಡುಗಿಯ ಮುಖ ನನಗೆ ಕಾಣಬೇಕಾದರೆ ನಾನು ಅವಳ ತಲೆಗಿಂತ ಸ್ವಲ್ಪ ಮೇಲೆ ನೋಡಬೇಕು. ಅಲ್ಲಿಂದ ಗೆರೆ ಎಳೆದರೆ ಅದು ಹೋಗಿ ಮುಟ್ಟುವುದು ಕೊನೆಯ ಬೆಂಚನ್ನು. ಪಾಪ, ಮೇಡಂ ಇಡೀ ಪೀರಿಯಡ್ಡು ತಮ್ಮನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಾರೆ ಅಂತ ಆ ಹುಡುಗರು ಅಂದುಕೊಂಡಿದ್ದಾರೆ. ಅವರಲ್ಲಿ ಒಬ್ಬರೂ ನನಗೆ ಕಾಣುವುದಿಲ್ಲ. ನಾನು ಎತ್ತ ನೋಡುತ್ತೇನೋ ಅತ್ತ ಇರುವುದೇ ನನಗೆ ಕಾಣದೆ ಇರುವುದು.

ಈ ಗುಟ್ಟು ಬಿಟ್ಟುಕೊಡುತ್ತಿರುವುದಕ್ಕೆ ಕಾರಣ ಇದೆ. ಹೋದ ವರ್ಷ ಹತ್ತು ಶನಿವಾರ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಕಣ್ಣಿಗೆ ಒಂದು ತರಬೇತಿ ತೆಗೆದುಕೊಂಡು ಬಂದೆ. ಬಯೋಫೀಡ್‌ಬ್ಯಾಕ್ ಅನ್ನುತ್ತಾರೆ, ಕಣ್ಣು ಸರಿಯಾದ ಕಡೆ ನಿಂತಿದೆಯೋ ಇಲ್ಲವೋ ಅಂತ ಮೆಷಿನ್ ಸದ್ದು ಮಾಡಿ ತಿಳಿಸುವುದು. ಅವತ್ತಿನಿಂದ ನೆಂಟರದ್ದೂ ಪಕ್ಕದ ಮನೆಯವರದ್ದೂ ಒಂದೇ ಪ್ರಶ್ನೆ: “ಸೌಂಡ್ ಕೇಳಿಸಿಕೊಂಡರೆ ಕಣ್ಣು ಸರಿಹೋಗುತ್ತಾ?” ಹೋಗಲ್ಲ. ಆದರೆ ಸುಮ್ನೆ ಹೋಗಲ್ಲ ಅಂದುಬಿಟ್ಟರೆ ಅದೂ ಪೂರ್ತಿ ನಿಜ ಆಗುವುದಿಲ್ಲ. ಅದಕ್ಕೇ ಒಂದು ಸಲ ಕೂತು ಬರೆದುಬಿಡೋಣ ಅಂತ.

ನನಗಿರುವುದು ಸ್ಟಾರ್‌ಗಾರ್ಡ್ ಕಾಯಿಲೆ. ಕಾರ್ಲ್ ಸ್ಟಾರ್‌ಗಾರ್ಡ್ ಅನ್ನುವ ಜರ್ಮನ್ ಕಣ್ಣಿನ ಡಾಕ್ಟರ್ 1909ರಲ್ಲಿ ಇದರ ಬಗ್ಗೆ ಬರೆದ. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡ ಪರದೆ ರೆಟಿನಾ. ಅದರ ನಡುವೆ ಮ್ಯಾಕುಲಾ. ಮ್ಯಾಕುಲಾದ ನಟ್ಟನಡುವೆ ಸುಮಾರು ಒಂದೂವರೆ ಮಿಲಿಮೀಟರ್ ಅಗಲದ ಒಂದು ಗುಳಿ, ಫೋವಿಯಾ. ಸಾಸಿವೆ ಕಾಳಿನಷ್ಟು ಜಾಗ, ಅಷ್ಟೇ. ಓದುವುದು, ಮುಖ ಗುರುತು ಹಿಡಿಯುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಎಲ್ಲಾ ಈ ಸಾಸಿವೆ ಕಾಳಿನ ಕೆಲಸ. ನೋಡುವ ಕೆಲಸಕ್ಕೆ ವಿಟಮಿನ್ ಎ ಬೇಕು. ಅದನ್ನು ಬಳಸಿದ ಮೇಲೆ ಒಂದಿಷ್ಟು ಕಸ ಉಳಿಯುತ್ತದೆ. ಆ ಕಸ ಸಾಗಿಸುವ ಕೆಲಸ ಎಬಿಸಿಎ4 ಅನ್ನುವ ಜೀನಿನದ್ದು, 1997ರಲ್ಲಿ ಪತ್ತೆಯಾದದ್ದು. ನನ್ನಲ್ಲಿ ಅದು ಕೆಟ್ಟಿದೆ. ಕಸದ ಗಾಡಿ ಬಾರದ ಬೀದಿಯ ಹಾಗೆ ವರ್ಷಗಟ್ಟಲೆ ಕಸ ಸೇರಿ ಸೇರಿ ಕೊನೆಗೆ ಅಲ್ಲಿನ ಕೋಶಗಳೇ ಸಾಯುತ್ತವೆ, ಅದೂ ಮೊದಲು ನಟ್ಟನಡುವಿನವು.

ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕಡೆಯಿಂದ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಈ ಕಾಯಿಲೆ. ಅಮ್ಮ ಮದುವೆಯಾದದ್ದು ತನ್ನ ಸೋದರಮಾವನನ್ನೇ. ನಮ್ಮ ಕಡೆ ಅದೇನು ವಿಶೇಷ ಅಲ್ಲ ಬಿಡಿ. ಅಂಥ ಮನೆಯಲ್ಲಿ ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಅಡಗಿ ಕೂತಿರುವುದು ಸುಲಭ. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ನನಗೆ ಬಂತು, ತಮ್ಮನಿಗೆ ಬರಲಿಲ್ಲ. ಅಮ್ಮ ಈಗಲೂ ಇದನ್ನು ತನ್ನ ತಪ್ಪು ಅಂತಲೇ ಅಂದುಕೊಂಡಿದ್ದಾಳೆ.

ಎಂಟನೇ ಕ್ಲಾಸಿನಲ್ಲಿ ಶುರುವಾಯಿತು. ಬೋರ್ಡಿನ ಮೇಲೆ ಬರೆದದ್ದರ ನಡುವಿನ ಅಕ್ಷರಗಳು ಮಾಯ. ಮೂರು ಕನ್ನಡಕ ಬದಲಾದವು. ಶುರುವಿನಲ್ಲಿ ಈ ಕಾಯಿಲೆಯವರ ಕಣ್ಣಿನ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಹೆಚ್ಚೂಕಡಿಮೆ ಸರಿಯಾಗೇ ಕಾಣುತ್ತದಂತೆ. ಹಾಗಾಗಿ ಡಾಕ್ಟರೊಬ್ಬರು “ಏನೂ ಇಲ್ಲ, ಓದೋಕೆ ಸೋಮಾರಿತನ” ಅಂದರು, ಮೇಷ್ಟ್ರು ಅದನ್ನೇ ಹಿಡಿದುಕೊಂಡರು. ನಿಜವಾದ ಹೆಸರು ಗೊತ್ತಾಗುವ ಹೊತ್ತಿಗೆ ನಾನು ಡಿಗ್ರಿ ಎರಡನೇ ವರ್ಷ. ತೋಳಿಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಫೋಟೊ ತೆಗೆದರು. ಚಾರ್ಟಿನಲ್ಲಿ 6/60, ಅಂದರೆ ಬೇರೆಯವರು ಅರವತ್ತು ಮೀಟರ್ ದೂರದಿಂದ ಓದುವ ಅಕ್ಷರವನ್ನು ನಾನು ಆರು ಮೀಟರಿಗೆ ಬಂದು ಓದಬೇಕು. ಅಲ್ಲಿಂದ ಮುಂದೆ ಅದು ಅಷ್ಟಕ್ಕೇ ನಿಂತಿದೆ. ಸುತ್ತಲಿನ ನೋಟ ಚೆನ್ನಾಗಿದೆ. ಓಡಾಡುತ್ತೇನೆ, ರಸ್ತೆ ದಾಟುತ್ತೇನೆ, ಕೆಳಗೆ ಬಿದ್ದ ಹೇರ್‌ಪಿನ್ ಕೂಡ ಎಷ್ಟೋ ಸಲ ಸಿಗುತ್ತದೆ. ಆದರೆ ಎದುರಿಗೆ ನಿಂತಿರುವ ನನ್ನ ಮಗಳು ಮಾತಾಡುವ ತನಕ ಅವಳು ಯಾರೋ. ಜನಕ್ಕೆ ಇದು ಅರ್ಥವಾಗುವುದಿಲ್ಲ. “ಕಾಣುತ್ತಲ್ಲಮ್ಮ ನಿಮಗೆ, ಪಾಸ್ ಯಾಕೆ?” ಅಂತ ಒಬ್ಬ ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದ್ದ. ಕುರುಡು ಇಲ್ಲವೇ ಪೂರ್ತಿ ನೋಟ, ಎರಡೇ ಗೊತ್ತು ನಮ್ಮವರಿಗೆ. ನಡುವೆ ಮಂದದೃಷ್ಟಿ ಅಂತ ಒಂದಿದೆ, 2016ರ ಅಂಗವಿಕಲರ ಕಾಯ್ದೆಯಲ್ಲೂ ಅದಕ್ಕೆ ಬೇರೆಯೇ ಹೆಸರಿದೆ ಅಂತ ಹೇಳುತ್ತಾ ಕೂತರೆ ಸ್ಟಾಪ್ ದಾಟಿಹೋಗಿರುತ್ತದೆ.

ಮದ್ದುಗಳ ಕತೆ ಬೇಗ ಮುಗಿಸುತ್ತೇನೆ. ಅಜ್ಜಿ ಹೊನಗೊನ್ನೆ ಸೊಪ್ಪು ತಿನ್ನಿಸಿದಳು, ಅದು ತಿಂದರೆ ಹಗಲಲ್ಲೂ ನಕ್ಷತ್ರ ಕಾಣುತ್ತದೆ ಅಂತ. ಅವಳ ಕಣ್ಣಿನ ಪೊರೆಯನ್ನು ಎಂ.ಸಿ. ಮೋದಿ ಡಾಕ್ಟರು ಒಂದು ಕ್ಯಾಂಪಿನಲ್ಲಿ ತೆಗೆದಿದ್ದರಂತೆ, ಹಾಗಾಗಿ ಅವಳ ಪ್ರಕಾರ ಕಣ್ಣಿನ ತೊಂದರೆ ಅಂದರೆ ಬೆಳಿಗ್ಗೆ ಹೋಗಿ ಪಟ್ಟಿ ಕಟ್ಟಿಸಿಕೊಂಡು ಬರುವುದು. ಚಿಕ್ಕಮ್ಮ ಕಿಲೋಗಟ್ಟಲೆ ಕ್ಯಾರೆಟ್ ತಂದಳು. ತರಕಾರಿ ತಿಂದರೆ ತೊಂದರೆ ಇಲ್ಲ, ಆದರೆ ವಿಟಮಿನ್ ಎ ಮಾತ್ರೆ ಮಾತ್ರ ಬೇಡವೇ ಬೇಡ ಅಂತ ನನ್ನ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಕಸ ಅದರಿಂದಲೇ ಬರುವುದು, ಅಲ್ವಾ. 2021ರಲ್ಲಿ ಅಪ್ಪು ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ನೋಟ ಬಂತು. ಆ ವಾರ ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ: “ನಿನಗೂ ಹಂಗೆ ಹಾಕಿಸಬಹುದಲ್ಲ?” ಆಗಲ್ಲ. ದಾನದ ಕಣ್ಣಿನಿಂದ ತೆಗೆದು ಹಾಕುವುದು ಕಾರ್ನಿಯಾ, ಮುಂದಿನ ಗಾಜು. ನನ್ನ ಗಾಜು ಚೆನ್ನಾಗಿದೆ, ಕೆಟ್ಟಿರುವುದು ಹಿಂದಿನ ಪರದೆ. ಆಮೇಲೆ ಲಕ್ಸ್‌ಟರ್ನಾ ಅನ್ನುವ ಜೀನ್ ಚಿಕಿತ್ಸೆಯ ವಾಟ್ಸಾಪ್ ಫಾರ್ವರ್ಡು. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದ್ದು ನಿಜ, ಆದರೆ ಅದು ಬೇರೆ ಜೀನಿನ, ಬೇರೆ ಕಾಯಿಲೆಯ ಮದ್ದು.

ಈಗ ನನ್ನ ನೋಟದ ನಡುವೆ ಬಿದ್ದಿರುವ ತೂತಿನ ವಿಷಯಕ್ಕೆ ಬರೋಣ. ಎಲ್ಲರೂ ಕೇಳುವುದು “ನಡುವೆ ಕಪ್ಪಗೆ ಕಾಣುತ್ತಾ?” ಅಂತ. ಇಲ್ಲ. ಕಪ್ಪು ಕಂಡಿದ್ದರೆ ಎಷ್ಟೋ ಚೆನ್ನಾಗಿತ್ತು, ತೂತು ಎಲ್ಲಿದೆ ಅಂತಾದರೂ ಗೊತ್ತಾಗುತ್ತಿತ್ತು. ಮಿದುಳು ಆ ಜಾಗಕ್ಕೆ ಸುತ್ತಲಿನದನ್ನೇ ತೇಪೆ ಹಾಕಿಬಿಡುತ್ತದೆ. ಹಳದಿ ಗೋಡೆಯ ಮೇಲಿನ ಗಡಿಯಾರ ದಿಟ್ಟಿಸಿದರೆ ಬರೀ ಹಳದಿ ಗೋಡೆ. ನಿಮಗೂ ಎರಡೂ ಕಣ್ಣಲ್ಲಿ ಒಂದೊಂದು ತೂತಿದೆ, ನರ ಹೊರಗೆ ಹೋಗುವ ಜಾಗದಲ್ಲಿ. ಫ್ರಾನ್ಸಿನ ಮಾರಿಯೊಟ್ 1660ರಲ್ಲಿ ಅದನ್ನು ತೋರಿಸಿಕೊಡುವ ತನಕ ಯಾರಿಗೂ ತಮ್ಮ ಕಣ್ಣಲ್ಲಿ ತೂತಿದೆ ಅನ್ನುವುದೇ ಗೊತ್ತಿರಲಿಲ್ಲ. ನನ್ನ ತೂತಿನ ವ್ಯತ್ಯಾಸ ಏನೆಂದರೆ ಅದು ನಟ್ಟನಡುವೆ ಇದೆ.

ನಡುಭಾಗ ಹೋದಾಗ ಮಿದುಳು ಸುಮ್ಮನೆ ಕೂರುವುದಿಲ್ಲ. ಅಂಚಿನಲ್ಲಿ ಚೆನ್ನಾಗಿರುವ ಒಂದು ಜಾಗ ಹುಡುಕಿಕೊಂಡು ಅದನ್ನೇ ಹೊಸ ನಡುಭಾಗ ಮಾಡಿಕೊಳ್ಳಲು ನೋಡುತ್ತದೆ. ಇದಕ್ಕೆ ಡಾಕ್ಟರುಗಳು ಪಿಆರ್‌ಎಲ್ ಅನ್ನುತ್ತಾರೆ, ರೆಟಿನಾದಲ್ಲಿ ಕಣ್ಣು ತಾನೇ ಇಷ್ಟಪಟ್ಟು ಆರಿಸಿಕೊಂಡ ಜಾಗ ಅಂತ ಅರ್ಥ. ನನಗೂ ಯಾರೂ ಹೇಳಿಕೊಡದೆ ಅದು ಬಂದಿತ್ತು. ತೊಂದರೆ ಎರಡು. ಒಂದು, ನನ್ನ ಕಣ್ಣು ಆರಿಸಿಕೊಂಡದ್ದು ಒಂದು ಜಾಗ ಅಲ್ಲ, ಎರಡು ಮೂರು. ಮನೆ ಬದಲಾಯಿಸುತ್ತಲೇ ಇರುವ ಬಾಡಿಗೆದಾರನ ಹಾಗೆ ಅಲ್ಲಿಂದಿಲ್ಲಿಗೆ ಜಿಗಿಯುತ್ತಿತ್ತು. ಎರಡನೆಯದು, ಜಾಸ್ತಿ ಹೊತ್ತು ಉಳಿಯುತ್ತಿದ್ದ ಜಾಗ ಓದಲು ತೀರಾ ಅನನುಕೂಲದ್ದು. ಪದ ಕಾಣಲು ನಾನು ಅದರ ಬಲಕ್ಕೆ ನೋಡುತ್ತಿದ್ದೆ. ಅಂದರೆ ತೂತು ಹೋಗಿ ಮುಂದಿನ ಪದದ ಮೇಲೆ ಕೂರುತ್ತಿತ್ತು. ಎಡದಿಂದ ಬಲಕ್ಕೆ ಓದುವವರಿಗೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಪ್ರತಿ ಪದವೂ ದಿಢೀರ್ ಅಂತ ಎದುರಿಗೆ ಬಂದು ನಿಲ್ಲುತ್ತದೆ, ಮುನ್ಸೂಚನೆಯೇ ಇಲ್ಲ.

ಇದನ್ನೆಲ್ಲಾ ನನಗೆ ತೋರಿಸಿದ್ದು ಬೆಂಗಳೂರಿನ ಮೆಷಿನ್. ಮೈಕ್ರೋಪೆರಿಮೀಟರ್ ಅಂತ. ನಾನು ಕೂತದ್ದರ ಹೆಸರು ಮಾಯಾ. ತಮಾಷೆ ಅಲ್ಲ, ಮ್ಯಾಕುಲರ್ ಇಂಟೆಗ್ರಿಟಿ ಅಸೆಸ್‌ಮೆಂಟ್ ಅನ್ನುವುದರ ಮೊದಲ ಅಕ್ಷರಗಳು ಸೇರಿ ಹಾಗಾಗಿದೆ. ನಡುವಿನದೆಲ್ಲ ಮಾಯವಾಗಿರುವವರಿಗೆ ಎಷ್ಟು ಸರಿಯಾದ ಹೆಸರು ನೋಡಿ. ಇಟಲಿಯ ಪಾದೊವಾ ಊರಿನಲ್ಲಿ ಮಾಡಿದ್ದು. ಗೆಲಿಲಿಯೊ ಹದಿನೆಂಟು ವರ್ಷ ಪಾಠ ಮಾಡಿದ ಊರು ಅದು, ಕೊನೆಗಾಲದಲ್ಲಿ ಅವನಿಗೂ ಕಣ್ಣು ಹೋಗಿತ್ತು. ಗಲ್ಲ ಇಟ್ಟು ಒಳಗೆ ನೋಡಬೇಕು. ಒಂದು ಕೆಂಪು ಬಳೆ ಕಾಣುತ್ತದೆ, ಅಥವಾ ಕಾಣುವುದಿಲ್ಲ. ಅಲ್ಲಲ್ಲಿ ಬೆಳಕಿನ ಚುಕ್ಕೆ ಮಿನುಗುತ್ತದೆ. ಕಂಡರೆ ಬಟನ್ ಒತ್ತು. ಅಷ್ಟು ಹೊತ್ತೂ ಅದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಸೆಕೆಂಡಿಗೆ 25 ಸಲ ನನ್ನ ರೆಟಿನಾ ನೋಡುತ್ತಾ, ಕಣ್ಣು ಎಷ್ಟು ಜರುಗಿತು ಅಂತ ಲೆಕ್ಕ ಇಟ್ಟುಕೊಳ್ಳುತ್ತಿರುತ್ತದೆ. ಕೊನೆಗೆ ಒಂದು ನಕ್ಷೆ ಬರುತ್ತದೆ. ಹಸಿರು ಚೆನ್ನಾಗಿರುವ ಜಾಗ, ಹಳದಿ ಅನುಮಾನ, ಕೆಂಪು ಕೆಟ್ಟಿದ್ದು, ಕಪ್ಪು ಸತ್ತಿದ್ದು. ಅದರ ಮೇಲೆ ನನ್ನ ಕಣ್ಣು ಎಲ್ಲೆಲ್ಲಿ ಅಲೆದಾಡಿತು ಅನ್ನುವುದಕ್ಕೆ ತಿಳಿನೀಲಿ ಚುಕ್ಕೆಗಳು. ಅಡುಗೆಮನೆ ನೆಲದ ಮೇಲೆ ಸಾಸಿವೆ ಡಬ್ಬಿ ಬಿದ್ದ ಹಾಗಿತ್ತು ನನ್ನ ಕಾಗದ.

ಅಲ್ಲಿನ ಆಪ್ಟೋಮೆಟ್ರಿಸ್ಟ್, ಅಂದರೆ ನೋಟ ಪರೀಕ್ಷೆ ಮಾಡುವವಳು, ಚಿಕ್ಕ ವಯಸ್ಸಿನ ಹುಡುಗಿ, ತುಂಬಾ ತಾಳ್ಮೆ. ಅವಳು ನಕ್ಷೆಯಲ್ಲಿ ಕಪ್ಪು ಜಾಗದ ಮೇಲ್ಗಡೆ ಹಸಿರಾಗಿದ್ದ ಒಂದು ಜಾಗಕ್ಕೆ ಬೆರಳಿಟ್ಟು “ನಿಮ್ಮ ಹೊಸ ಮನೆ ಇದು ಮೇಡಂ” ಅಂದಳು. ರೆಟಿನಾದ ಮೇಲ್ಭಾಗ ಅಂದರೆ ನೋಟದಲ್ಲಿ ಕೆಳಭಾಗ, ಕಣ್ಣೊಳಗೆ ಚಿತ್ರ ತಲೆಕೆಳಗಾಗಿ ಬೀಳುವುದರಿಂದ. ಹಾಗಾಗಿ ನಾನು ಸಾಲಿನ ಬಲಕ್ಕೆ ನೋಡುವುದನ್ನು ಬಿಟ್ಟು ಸಾಲಿಗಿಂತ ಮೇಲೆ ನೋಡಬೇಕು. ತೂತು ಓದಿ ಮುಗಿಸಿದ ಮೇಲಿನ ಸಾಲುಗಳನ್ನು ತಿನ್ನಲಿ ಬಿಡಿ, ಈಗ ಓದುವ ಸಾಲು ಎಡದಿಂದ ಬಲದ ತನಕ ಬಿಚ್ಚಿಕೊಂಡಿರುತ್ತದೆ.

ಹೇಳುವುದು ಸುಲಭ. ಕಣ್ಣಿಗೆ ಹುಟ್ಟಿನಿಂದ ಬಂದಿರುವ ಚಾಳಿ ಏನೆಂದರೆ, ಏನಾದರೂ ನೋಡಬೇಕು ಅನ್ನಿಸಿದ ತಕ್ಷಣ ಅದನ್ನು ತಂದು ಆ ಸಾಸಿವೆ ಕಾಳಿನ ಮೇಲೆ ಇಡುವುದು. ಸಾಸಿವೆ ಕಾಳು ಸತ್ತು ಇಪ್ಪತ್ತು ವರ್ಷವಾದರೂ ನನ್ನ ಕಣ್ಣು ಆ ಚಾಳಿ ಪೂರ್ತಿ ಬಿಟ್ಟಿರಲಿಲ್ಲ. ಮತ್ತೆ ನನ್ನ ಕಣ್ಣು ಈಗ ಯಾವ ಜಾಗದಿಂದ ನೋಡುತ್ತಿದೆ ಅಂತ ನನಗೇ ಗೊತ್ತಾಗುವುದಿಲ್ಲ. ಕೈ ಎಲ್ಲಿದೆ ಅಂತ ಗೊತ್ತಾಗುತ್ತದೆ, ಕಾಲು ಎಲ್ಲಿದೆ ಅಂತ ಗೊತ್ತಾಗುತ್ತದೆ, ರೆಟಿನಾದ ಯಾವ ಮೂಲೆ ಕೆಲಸ ಮಾಡುತ್ತಿದೆ ಅಂತ ಯಾರಿಗೆ ಗೊತ್ತಾಗುತ್ತದೆ ಹೇಳಿ. ಬಯೋಫೀಡ್‌ಬ್ಯಾಕ್ ಅಂದರೆ ಇಂಥ ಕಡೆ ಕೆಲಸಕ್ಕೆ ಬರುವುದು. ಮೈಯೊಳಗೆ ನಡೆಯುವ, ನಮಗೆ ತಿಳಿಯದ ಯಾವುದನ್ನೋ ಮೆಷಿನ್ ಅಳೆದು ಸದ್ದೋ ಬೆಳಕೋ ಮಾಡಿ ನಮಗೇ ವಾಪಸ್ ಕೊಡುತ್ತದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಈ ಹೆಸರು ಬಂತು, 1969ರಲ್ಲಿ ಅದಕ್ಕೊಂದು ಸಂಘವೂ ಆಯಿತು. ಆಗ ಎದೆಬಡಿತ, ಸ್ನಾಯುಬಿಗಿತ, ತಲೆನೋವು ಇಂಥವಕ್ಕೆ. ಕಣ್ಣಿಗೆ ಬಂದದ್ದು ಆಮೇಲೆ.

ಸದ್ದು ಹೇಗಿರುತ್ತದೆ ಅಂದರೆ, ಕಾರು ರಿವರ್ಸ್ ತೆಗೆಯುವಾಗ ಗೋಡೆ ಹತ್ತಿರ ಬಂದಂತೆ ಬೀಪ್... ಬೀಪ್.. ಬೀಪ್ ಬೀಪ್ ಅಂತ ಜೋರಾಗಿ ಕೊನೆಗೆ ಬೀಈಈ ಅಂತ ಒಂದೇ ಉಸಿರಿಗೆ ಎಳೆಯುತ್ತದಲ್ಲ, ಥೇಟ್ ಅದೇ. ಹೊಸ ಜಾಗಕ್ಕೆ ಕಣ್ಣು ಹತ್ತಿರವಾದಷ್ಟೂ ಬೀಪ್ ಹತ್ತಿರ ಹತ್ತಿರ, ಸರಿಯಾಗಿ ಕೂತರೆ ಒಂದೇ ಎಳೆ. ಒಂದೇ ವ್ಯತ್ಯಾಸ, ಕಾರಿನಲ್ಲಿ ಎಳೆದರೆ ಗಾಬರಿ, ಇಲ್ಲಿ ಎಳೆದರೆ ಖುಷಿ.

ಮೊದಲ ಶನಿವಾರ ನಾಲ್ಕು ನಿಮಿಷ ಏನೂ ಇಲ್ಲ. ಅಲ್ಲೊಂದು ಇಲ್ಲೊಂದು ಬೀಪ್. “ಸ್ವಲ್ಪ ಮೇಲೆ ಮೇಡಂ, ಇನ್ನೂ ಸ್ವಲ್ಪ, ಅಯ್ಯೋ ಜಾಸ್ತಿ ಆಯ್ತು” ಅಂತ ಅವಳು. ಒಂದು ಕಣ್ಣಿಗೆ ಹತ್ತು ನಿಮಿಷ ಅಷ್ಟೇ, ಆದರೆ ಎದ್ದಾಗ ಕಣ್ಣಲ್ಲಿ ನೀರು, ಕುತ್ತಿಗೆ ನೋವು. ನಾನು ಗಮನವಿಟ್ಟು ಪ್ರಯತ್ನ ಪಟ್ಟಷ್ಟೂ ಕೆಟ್ಟುಹೋಗುತ್ತಿತ್ತು. ಪ್ರಯತ್ನ ಪಡುವುದು ಅಂದರೇ ನೇರ ನೋಡುವುದು ಅಂತ ಕಣ್ಣು ಅರ್ಥ ಮಾಡಿಕೊಂಡಿದೆ. ಮೂರನೇ ವಾರ ಗಲ್ಲ ಇಟ್ಟುಕೊಂಡು, ಬೆಳಿಗ್ಗೆ ಗಡಿಬಿಡಿಯಲ್ಲಿ ದೋಸೆಗೆ ಅಕ್ಕಿ ನೆನೆಹಾಕಿದ್ದೆನೋ ಇಲ್ಲವೋ ಅಂತ ಯೋಚಿಸುತ್ತಿದ್ದಾಗ ಕಿವಿಯಲ್ಲಿ ಉದ್ದಕ್ಕೆ ಬೀಈಈ ಅಂತ ಬಂತು. “ಬಂತು!” ಅಂದೆ. ಹೋಯಿತು. ತಂಬೂರಿ ಶ್ರುತಿ ಮಾಡುವವರನ್ನು ನೋಡಿದವರಿಗೆ ಇದು ಗೊತ್ತಿರುತ್ತದೆ, ಸೇರಿತು ಅಂತ ಮುಖ ಅರಳಿಸುವಷ್ಟರಲ್ಲಿ ತಂತಿ ಜಾರಿರುತ್ತದೆ. ಆಮೇಲೆ ಬರಬರುತ್ತಾ ಸೇರಿದರೂ ಸುಮ್ಮನಿರುವುದು ಕಲಿತೆ. ಆರನೇ ವಾರದ ಹೊತ್ತಿಗೆ ಉದ್ದನೆಯ ಎಳೆ ಅರ್ಧ ನಿಮಿಷ ನಿಲ್ಲುತ್ತಿತ್ತು.

ಮನೆಯಲ್ಲಿ ಮೆಷಿನ್ ಇಲ್ಲ, ಹಾಗಾಗಿ ಗಡಿಯಾರದ ಆಟ. ಎದುರಿಗೆ ಕೂತವರ ಮುಖವನ್ನೇ ಗಡಿಯಾರ ಅಂದುಕೊಳ್ಳಬೇಕು. ಹನ್ನೆರಡರ ಕಡೆ ನೋಡು, ಮೂಗು ಕಂಡಿತಾ? ಒಂದರ ಕಡೆ? ಎರಡರ ಕಡೆ? ಎಲ್ಲಿ ಚೆನ್ನಾಗಿ ಕಾಣುತ್ತದೋ ಆ ಗಂಟೆ ನಿನ್ನದು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಮೆಷಿನ್ ಸಿಗದ ಊರಿನವರೂ ಮಾಡಬಹುದು, ಲೋ ವಿಷನ್ ವಿಭಾಗ ಇರುವ ಕಣ್ಣಿನ ಆಸ್ಪತ್ರೆಗಳಲ್ಲಿ ಹೇಳಿಕೊಡುತ್ತಾರೆ. ನನ್ನ ಗಂಟೆ ಹನ್ನೆರಡೂಕಾಲು. ಮಗಳಿಗೆ ಇದು ಆಟ. ಊಟಕ್ಕೆ ಕೂತಾಗ “ಅಮ್ಮಾ, ಹನ್ನೆರಡೂಕಾಲು!” ಅಂತ ಕೂಗುತ್ತಾಳೆ. ನಾನು ಅವಳ ತಲೆ ಮೇಲೆ ನೋಡಿದರೆ ಅವಳು ನಾಲಿಗೆ ಚಾಚಿರುತ್ತಾಳೆ. ಕಂಡುಬಿಡುತ್ತದೆ!

ಓದಿನಲ್ಲಿ ಮಾತ್ರ ಬೇರೆ ಪೇಚು ಬಂತು. ಈ ತರಬೇತಿಯ ಬಗ್ಗೆ ಸಿಗುವುದೆಲ್ಲ ಇಂಗ್ಲಿಷ್, ಇಟಾಲಿಯನ್ ಓದುವವರ ಲೆಕ್ಕದ್ದು. ಅವರ ಅಕ್ಷರ ರೈಲಿನ ಬೋಗಿಗಳ ಹಾಗೆ ಒಂದರ ಪಕ್ಕ ಒಂದು. ನಮ್ಮದು ಮೂರು ಅಂತಸ್ತು. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ನಾನು ಸಾಲಿನ ಮೇಲೆ ನೋಡಿದರೆ ಹತ್ತಿರ ಬೀಳುವುದು ಗುಡಿಸು, ದೂರ ಬೀಳುವುದು ಒತ್ತು. ನಡುವಿನಿಂದ ದೂರ ಹೋದಷ್ಟೂ ರೆಟಿನಾ ಮಂದ. ಜೊತೆಗೆ ಅಂಚಿನ ನೋಟದಲ್ಲಿ ಒತ್ತೊತ್ತಾಗಿ ಇರುವ ಗೆರೆಗಳು ಒಂದರೊಳಗೊಂದು ಕಲಸಿಕೊಳ್ಳುತ್ತವೆ, ಒತ್ತಕ್ಷರವೋ ಮೇಲಿನ ಅಕ್ಷರದ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಮೊದಮೊದಲು ನನ್ನ ಓದಿನಲ್ಲಿ ಬಲ್ಲೆ ಬಲೆಯಾಯಿತು, ಹಳ್ಳಿ ಹಳಿಯಾಯಿತು. ಧ, ಫ, ಭ, ಢ ಇವುಗಳ ಸೀಳು ಇರುವುದೂ ಕೆಳಗೇ. ಮಹಾಪ್ರಾಣಗಳ ಪ್ರಾಣವೇ ಹೋಯಿತು. ಒಬ್ಬ ಹುಡುಗ ಉತ್ತರಪತ್ರಿಕೆಯಲ್ಲಿ ಧನ ಅಂತ ಸರಿಯಾಗಿಯೇ ಬರೆದಿದ್ದನಂತೆ, ನಾನು ದನ ಅಂತ ಓದಿ ಅರ್ಧ ಅಂಕ ಕಳೆದಿದ್ದೆ. ಅವನು ಬಂದು ಕೇಳಿದಾಗ ವಾಪಸ್ ಕೊಟ್ಟೆ. ಸಾಮಾನ್ಯವಾಗಿ ಹುಡುಗರು ತಪ್ಪು ಮಾಡುತ್ತಾರೆ, ಮೇಷ್ಟ್ರು ತಿದ್ದುತ್ತಾರೆ.

ಆಪ್ಟೋಮೆಟ್ರಿಸ್ಟ್ ಹತ್ತಿರ ಇದನ್ನು ಹೇಳಿದೆ. ತೂತಿನ ಕೆಳಗಿನ ಜಾಗವನ್ನು ಆರಿಸಿದ್ದರೆ, ಅಂದರೆ ಸಾಲಿನ ಕೆಳಗೆ ನೋಡಿ ಓದುವ ಹಾಗಿದ್ದರೆ ಒತ್ತು ಹತ್ತಿರ ಬರುತ್ತಿತ್ತು, ಅಲ್ವಾ? ಅವಳು ನಕ್ಷೆ ನೋಡಿ, ಅಲ್ಲಿ ನಿಮಗೆ ಹಸಿರೇ ಇಲ್ಲ ಮೇಡಂ ಅಂದಳು. ಮುಗಿಯಿತು. ಅಕ್ಷರ ಸ್ವಲ್ಪ ದೊಡ್ಡದು, ಸಾಲುಗಳ ನಡುವೆ ಜಾಗ ಜಾಸ್ತಿ, ಟ್ಯಾಬಿನಲ್ಲಿ ಹಾಗೆ ಮಾಡಿಕೊಂಡೆ. ಇನ್ನೊಂದು ಉಪಾಯ ಅವಳೇ ಹೇಳಿದ್ದು: ಕಣ್ಣು ಓಡಿಸಬೇಡಿ, ಕಣ್ಣು ಒಂದೆಡೆ ನಿಲ್ಲಿಸಿ ಕಾಗದವನ್ನು ಎಡಕ್ಕೆ ಜರುಗಿಸಿ. ಬಸ್ಸಿನಲ್ಲಿ ಹೀಗೆ ಪೇಪರ್ ಓದಿದರೆ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುತ್ತಾರೆ, ಅದೂ ಒಂದು ಅನುಕೂಲ.

ಹತ್ತನೇ ವಾರ ಮತ್ತೆ ಅಳೆದರು. ಚಾರ್ಟಿನಲ್ಲಿ 6/60. ಒಂದು ಸಾಲೂ ಮುಂದೆ ಹೋಗಲಿಲ್ಲ. ಕೆಲವರಿಗೆ ಒಂದೆರಡು ಸಾಲು ಮುಂದೆ ಹೋಗುವುದುಂಟಂತೆ, ನನಗಿಲ್ಲ. ಚುಕ್ಕೆಗಳ ಕಾಗದ ಮಾತ್ರ ಬೇರೆ ಆಗಿತ್ತು. ಲೆಕ್ಕ ಹೀಗೆ: ಮುಕ್ಕಾಲು ಪಾಲಿಗಿಂತ ಜಾಸ್ತಿ ಚುಕ್ಕೆ 2 ಡಿಗ್ರಿ ಅಗಲದ ವೃತ್ತದೊಳಗೆ ಬಿದ್ದರೆ ನೋಟ ಸ್ಥಿರ. 2 ಡಿಗ್ರಿ ಅಂದರೆ ಕೈ ಚಾಚಿ ಹಿಡಿದ ಹೆಬ್ಬೆರಳಿನ ಅಗಲ. ಅದರೊಳಗೆ ಬೀಳದೆ 4 ಡಿಗ್ರಿಯೊಳಗೆ ಅಷ್ಟು ಬಿದ್ದರೆ ಸ್ವಲ್ಪ ಮಟ್ಟಿಗೆ ಅಸ್ಥಿರ. ಅದರೊಳಗೂ ಬೀಳದಿದ್ದರೆ ಅಸ್ಥಿರ. ಶುರುವಿನಲ್ಲಿ ನನ್ನ ಎರಡೂ ಕಣ್ಣು ಅಸ್ಥಿರ. ಈಗ ಬಲಗಣ್ಣು ಸ್ಥಿರ, ಎಡಗಣ್ಣು ಸ್ವಲ್ಪ ಮಟ್ಟಿಗೆ ಅಸ್ಥಿರ. ಚೆಲ್ಲಿದ ಸಾಸಿವೆಯನ್ನು ಯಾರೋ ಪೊರಕೆಯಿಂದ ಒಂದೆಡೆ ಗುಡಿಸಿದ ಹಾಗೆ. ದಿನಪತ್ರಿಕೆಯ ಹೆಡ್‌ಲೈನ್ ಈಗ ಒಂದೇ ಓಟದಲ್ಲಿ ಓದುತ್ತೇನೆ. ಒಂದು ಉತ್ತರಪತ್ರಿಕೆಗೆ ಹಿಡಿಯುತ್ತಿದ್ದ ಹೊತ್ತು ಕಡಿಮೆಯಾಗಿದೆ, ಸಂಜೆ ತಲೆನೋವು ಕಡಿಮೆಯಾಗಿದೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿನ ಬೋರ್ಡಿನ 335 ಮೊದಲೂ ಕಷ್ಟಪಟ್ಟು ಕಾಣುತ್ತಿತ್ತು, ಅದರ ಹಿಂದಿನ ಇ ಅಕ್ಷರ ಈಗ ಸೇರಿಕೊಂಡಿದೆ. ಬಸ್ಸು ನಿಂತಿದ್ದರೆ ಮಾತ್ರ.

ಇಷ್ಟಕ್ಕೆ ಇದನ್ನು ಪವಾಡ ಅನ್ನುವವರ ಮಾತು ನಂಬಬೇಡಿ. ರೋಮ್ ನಗರದ ಸಪಿಯೆಂಝಾ ವಿಶ್ವವಿದ್ಯಾಲಯದ ಎಂಝೊ ವಿಂಗೋಲೊ ಅವರ ತಂಡ 2009ರಲ್ಲಿ ಬೇರೆ ಬೇರೆ ಮ್ಯಾಕುಲಾ ಕಾಯಿಲೆಯವರ ಮೇಲೆ ಇದನ್ನು ಮಾಡಿ ನೋಡಿ ಬರೆದಿದೆ, ಆಮೇಲೆ ಬೇರೆಯವರೂ ಮಾಡಿದ್ದಾರೆ. ನೋಟ ಸ್ಥಿರವಾಗುತ್ತದೆ, ಓದಿನ ವೇಗ ಹೆಚ್ಚುತ್ತದೆ ಅಂತ ಮತ್ತೆ ಮತ್ತೆ ಕಂಡಿದೆ. ಆದರೆ ಹೆಚ್ಚಿನವು ಚಿಕ್ಕ ಚಿಕ್ಕ ಗುಂಪುಗಳು. ತರಬೇತಿಗೆ ಮೊದಲು ಇಷ್ಟು, ಆಮೇಲೆ ಇಷ್ಟು ಅಂತ ನೋಡಿದ್ದು, ತರಬೇತಿ ಇಲ್ಲದವರ ಜೊತೆ ಹೋಲಿಸಿದ್ದು ಕಡಿಮೆ. ಪದೇಪದೇ ಅದೇ ಮೆಷಿನ್ ಮುಂದೆ ಕೂತರೆ ಯಾರಿಗಾದರೂ ಕೈ ಪಳಗುತ್ತದೆ, ಅಲ್ವಾ. ಬಯೋಫೀಡ್‌ಬ್ಯಾಕ್ ಹೆಸರಿನಲ್ಲಿ ಹಿಂದೆ ಇನ್ನೊಂದು ನಡೆದಿತ್ತು. 1980ರ ದಶಕದಲ್ಲಿ ಅಮೆರಿಕದ ಜೋಸೆಫ್ ಟ್ರಾಕ್ಟ್‌ಮನ್ ಅಕಾಮೊಟ್ರಾಕ್ ಅನ್ನುವ ಮೆಷಿನ್ ತಂದಿದ್ದ. ಸದ್ದು ಕೇಳಿಸಿಕೊಂಡು ಕಣ್ಣಿನ ಸ್ನಾಯು ಸಡಿಲ ಬಿಡಿ, ಮೈನಸ್ ನಂಬರ್ ಇಳಿಯುತ್ತದೆ ಅಂತ. ಹೋಲಿಸಿ ಪರೀಕ್ಷೆ ಮಾಡಿದಾಗ ಏನೂ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಬಯೋಫೀಡ್‌ಬ್ಯಾಕಿನಿಂದ ಕನ್ನಡಕ ಬಿಸಾಕಿ ಅಂತ ಯಾರಾದರೂ ಜಾಹೀರಾತು ಹಾಕಿದ್ದರೆ ಅದು ಬೇರೆಯೇ ಕತೆ, ಅದಕ್ಕೆ ದುಡ್ಡು ಕಳೆದುಕೊಳ್ಳಬೇಡಿ. ನನ್ನ ತರಬೇತಿಯಲ್ಲಿ ರೆಟಿನಾಗೆ ಏನೂ ಆಗಿಲ್ಲ. ಸತ್ತದ್ದು ಸತ್ತೇ ಇದೆ. ಪಳಗಿದ್ದು ನೋಟದ ಚಾಳಿ.

ಇನ್ನೊಂದು ವಿಷಯ ಇದೆ, ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ತರಬೇತಿಗೆ ಮುಂಚೆ ನನ್ನ ಕಣ್ಣು ಅಲೆದಾಡುತ್ತಿತ್ತು, ಜನಕ್ಕೆ ಅಷ್ಟು ಗೊತ್ತಾಗುತ್ತಿರಲಿಲ್ಲ. ಸ್ಕೂಲಿನಲ್ಲಿ ಒಂದಿಬ್ಬರು ಮೆಳ್ಳೆಗಣ್ಣಿ ಅಂದಿದ್ದರು, ಅಷ್ಟೇ. ಈಗ ನೋಟ ಗಟ್ಟಿಯಾಗಿ ಒಂದೆಡೆ ನಿಲ್ಲುತ್ತದೆ, ಎದುರಿನವರ ಹಣೆಗಿಂತ ನಾಲ್ಕು ಬೆರಳು ಮೇಲೆ. ಮಾತಾಡುತ್ತಾ ಮಾತಾಡುತ್ತಾ ಅವರು ತಿರುಗಿ ಹಿಂದೆ ಯಾರಿದ್ದಾರೆ ಅಂತ ನೋಡುತ್ತಾರೆ. ಕೆಲವರು ಕೂದಲು ಸರಿಮಾಡಿಕೊಳ್ಳುತ್ತಾರೆ. ಎದುರು ಮನೆಯಾಕೆ “ಮೇಡಮ್ಮೋರಿಗೆ ಸೊಕ್ಕು ಜಾಸ್ತಿ, ಮುಖ ಕೊಟ್ಟು ಮಾತಾಡಲ್ಲ” ಅಂದಳಂತೆ. ಕನ್ನಡ ಪಾಠ ಮಾಡುವವಳಾದ್ದರಿಂದ ನನಗೆ ತಕ್ಷಣ ನೆನಪಾದದ್ದು ಕಡೆಗಣಿಸು ಅನ್ನುವ ಮಾತು. ಕಡೆಗಣ್ಣು ಅಂದರೆ ಕಣ್ಣಿನ ಅಂಚು, ಅದರಿಂದ ಬಂದದ್ದು ಕಡೆಗಣಿಸು. ಕಣ್ಣಿನ ಅಂಚಿನಿಂದ ನೋಡಿದರೆ ಲೆಕ್ಕಕ್ಕಿಲ್ಲ ಅಂತ ನುಡಿಯೇ ತೀರ್ಮಾನ ಮಾಡಿಬಿಟ್ಟಿದೆ. ನಾನು ಯಾರನ್ನಾದರೂ ಸರಿಯಾಗಿ ನೋಡಬೇಕಾದರೆ ಅವರನ್ನು ಕಡೆಗಣಿಸಲೇಬೇಕು.

ಒಂದೇ ಒಂದು ಸಲ ಇದು ನನ್ನ ಪರವಾಗಿ ಆಗಿತ್ತು, ತರಬೇತಿಗಿಂತ ಎಷ್ಟೋ ಮುಂಚೆ. ಹೆಣ್ಣು ನೋಡಲು ಬಂದಿದ್ದರು. ನಾನು ಹುಡುಗನ ಮುಖ ಕಾಣಲಿ ಅಂತ ಅವರ ಪಕ್ಕದ ಕಿಟಕಿಯ ಕಡೆ ನೋಡುತ್ತಾ ಉಪ್ಪಿಟ್ಟಿನ ತಟ್ಟೆ ಕೊಟ್ಟೆ. ಅವರ ಅಮ್ಮನಿಗೆ ತುಂಬಾ ಹಿಡಿಸಿತು. “ಎಷ್ಟು ನಾಚಿಕೆ ಹುಡುಗಿಗೆ, ಕಣ್ಣೆತ್ತಿ ನೋಡಲಿಲ್ಲ” ಅಂದರಂತೆ. ನಾನೋ ಮೀಸೆ ಇದೆಯೋ ಇಲ್ಲವೋ ಅಂತ ಪೂರ್ತಿ ಲೆಕ್ಕ ಹಾಕಿ ಮುಗಿಸಿದ್ದೆ. ಕಣ್ಣಿನ ವಿಷಯ ಆವತ್ತೇ ಹಿತ್ತಿಲಲ್ಲಿ ನಿಂತು ಹುಡುಗನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು “ಹಾಗಾದರೆ ನನ್ನ ಕಿವಿ ಹೇಗಿದೆ ಹೇಳಿ” ಅಂದರು. ಎಡಗಿವಿ ಸ್ವಲ್ಪ ದೊಡ್ಡದು ಅಂದೆ.

ಈಗ ನಾನು ಆರಿಸಿಕೊಳ್ಳಬೇಕು. ಪ್ರಿನ್ಸಿಪಾಲರ ಹತ್ತಿರ, ಬ್ಯಾಂಕಿನಲ್ಲಿ, ಸಾವಿನ ಮನೆಯಲ್ಲಿ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತೇನೆ, ಅವರಿಗೆ ಸಮಾಧಾನ, ನನಗೆ ಅವರ ಮುಖದ ಜಾಗದಲ್ಲಿ ಗೋಡೆ. ಮಗಳ ಹತ್ತಿರ, ಗೆಳತಿಯರ ಹತ್ತಿರ ಹನ್ನೆರಡೂಕಾಲು.

ಹೋದ ತಿಂಗಳು ತಮ್ಮನ ಮದುವೆ. ಸ್ಟೇಜಿನ ಮೇಲೆ ಮನೆಯವರೆಲ್ಲ ಸಾಲಾಗಿ ನಿಂತಿದ್ದೆವು. ನಾನು ಫೋಟೊಗ್ರಾಫರ್ ತಲೆಯ ಮೇಲೆ ನೋಡುತ್ತಿದ್ದೆ. ಅವನ ಟೋಪಿ, ಗಡ್ಡ, ಕ್ಯಾಮೆರಾದ ಕಪ್ಪು ಮೂತಿ, ಎಲ್ಲಾ ಚೆನ್ನಾಗಿ ಕಾಣುತ್ತಿತ್ತು. ಅವನು ಕೈ ಎತ್ತಿ ಕೂಗಿದ: “ಹಸಿರು ಸೀರೆ ಮೇಡಂ, ನೀವು, ಕ್ಯಾಮೆರಾ ನೋಡಿ!”

ನೋಡಿದೆ. ಟೋಪಿ, ಗಡ್ಡ, ಕ್ಯಾಮೆರಾ ಎಲ್ಲಾ ಮಾಯವಾಗಿ ಆ ಜಾಗದಲ್ಲಿ ಛತ್ರದ ಗುಲಾಬಿ ಬಣ್ಣದ ಪರದೆ ಬಂತು. ಪರದೆಯೊಳಗಿಂದ ಕ್ಲಿಕ್ ಅಂತ ಸದ್ದಾಯಿತು.